ಹಬ್ಬದ ಬೆಳಕು: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ಶ್ರಾವಣ ಹತ್ತಿರ ಬಂತೆಂದರೆ ಚಿಕ್ಕಬಳ್ಳಾಪುರದ ಎಲೆಕ್ಟ್ರಿಕಲ್ ಅಂಗಡಿಗಳ ಮುಂದೆ ಸೀರಿಯಲ್ ಸೆಟ್‌ಗಳು ತೂಗಾಡೋಕೆ ಶುರು. ವರಮಹಾಲಕ್ಷ್ಮಿಗೆ ಒಂದು, ಗಣೇಶನಿಗೆ ಒಂದು, ದೀಪಾವಳಿಗೆ ನಾಲ್ಕು ಅಂತ ಮನೆಗೆ ತರೋದು, ಯುಗಾದಿ ಹೊತ್ತಿಗೆ ಅರ್ಧಕ್ಕರ್ಧ ಉರಿಯದೆ ಅಟ್ಟ ಸೇರೋದು, ಮುಂದಿನ ವರ್ಷ ಮತ್ತೆ ಅದೇ ಖರ್ಚು. ಇಲ್ಲಿ ಹೇಳಹೊರಟಿರೋದು ಇದಕ್ಕೆ ಉಲ್ಟಾ ಲೆಕ್ಕ. ತಂತಿ, ಅಡಾಪ್ಟರ್, ಪ್ಲಗ್ಗಿಗೆ ಒಂದು ಸಲ ಸರಿಯಾಗಿ ದುಡ್ಡು ಹಾಕಿ. ಅಲಂಕಾರದ ಸಾಮಾನಿಗೆ ಕೈಬಿಚ್ಚಿ ಖರ್ಚು ಮಾಡಬೇಕಾಗಿಲ್ಲ. ಹೂವು, ಬಿದಿರು, ರೇಷ್ಮೆಗೂಡು, ಮಾವಿನ ಎಲೆ ಎಲ್ಲ ನಮ್ಮ ಜಿಲ್ಲೆಯಲ್ಲೇ ಕೈಗೆಟುಕುತ್ತೆ.

ಶುರುವಿನಲ್ಲೇ ಇನ್ನೊಂದು ಮಾತು. ಎಷ್ಟು ಬಲ್ಬ್ ಉರೀತಿದೆ ಅನ್ನೋದಕ್ಕಿಂತ ಬೆಳಕು ಯಾವುದರ ಮೇಲೆ ಬೀಳ್ತಿದೆ ಅನ್ನೋದು ದೊಡ್ಡದು. ಬಲ್ಬೇ ಕಣ್ಣಿಗೆ ಕುಕ್ಕಿದರೆ ಅದರ ಪಕ್ಕದ ಹೂವಾಗಲಿ, ರಂಗೋಲಿಯಾಗಲಿ, ದೇವಿಯ ಮುಖವಾಗಲಿ ಕಾಣಲ್ಲ. ಬಲ್ಬನ್ನು ಮರೆಮಾಡಿ, ಗೋಡೆ ಬೆಳಗಿಸಿ. ಅರ್ಧ ಖರ್ಚಿನಲ್ಲಿ ಎರಡರಷ್ಟು ಚೆಂದ ಬರುತ್ತೆ.

ತಂತಿಯ ಲೆಕ್ಕ

ಅಗ್ಗದ ಸೀರಿಯಲ್ ಸೆಟ್ ನೇರ 230 ವೋಲ್ಟಿನದು. ಅದರಲ್ಲಿ ಪುಟ್ಟ ಎಲ್‌ಇಡಿಗಳನ್ನು ಒಂದರ ಹಿಂದೊಂದು ಪೋಣಿಸಿ, ಆ ವೋಲ್ಟೇಜನ್ನು ಎಲ್ಲಕ್ಕೂ ಹಂಚಿರುತ್ತಾರೆ. ಒಂದರ ಕಾಲು ಮುರಿದರೂ ಆ ಗುಂಪಿನಲ್ಲಿ ಇರೋದೆಲ್ಲ ಆರಿಹೋಗುತ್ತೆ. ಹತ್ತಡಿ ಉರಿದು ಮುಂದಿನ ಹತ್ತಡಿ ಕತ್ತಲಾಗೋದು ಇದಕ್ಕೇ. ಕೆಟ್ಟ ಎಲ್‌ಇಡಿಯನ್ನು ಕಿತ್ತು ತಂತಿ ಸೇರಿಸಿದರೆ ಮತ್ತೆ ಉರಿಯುತ್ತೆ ನಿಜ. ಆದರೆ ಅದರ ಪಾಲಿನ ವೋಲ್ಟೇಜ್ ಉಳಿದವುಗಳ ತಲೆಗೆ ಬೀಳುತ್ತೆ. ಒಂದೆರಡು ಕಿತ್ತರೆ ತಡೆದುಕೊಳ್ಳುತ್ತೆ, ನಾಲ್ಕೈದು ಕಿತ್ತರೆ ಮಿಕ್ಕವು ಬೇಗ ಬೇಗ ಸುಟ್ಟುಹೋಗುತ್ತೆ. ಉದ್ದ ಜಾಸ್ತಿ ಆಯ್ತು ಅಂತ ಸೆಟ್ಟನ್ನು ಅರ್ಧಕ್ಕೆ ಕತ್ತರಿಸಬಾರದು ಅನ್ನೋದೂ ಇದೇ ಕಾರಣಕ್ಕೆ. ಮಿಕ್ಕಿದ್ದನ್ನು ಸುರುಳಿ ಸುತ್ತಿ ಸಜ್ಜಾದ ಮೇಲೆ ಇಡಿ, ಕತ್ತರಿಸಬೇಡಿ.

ಈ ಸೆಟ್ಟುಗಳ ತಂತಿಯ ಮೇಲಿನ ಪ್ಲಾಸ್ಟಿಕ್ ತೀರಾ ತೆಳು. ಮೊಳೆ ತಾಗಿ, ಗ್ರಿಲ್ಲಿನ ಅಂಚಿಗೆ ಉಜ್ಜಿ ಸೀಳುತ್ತೆ. ಗೇಟು, ಕಿಟಕಿಯ ಕಬ್ಬಿಣದ ಸರಳು, ಟೆರೇಸಿನ ರೇಲಿಂಗ್ ಇವುಗಳಿಗೆ 230 ವೋಲ್ಟಿನ ಸೆಟ್ ಸುತ್ತಲೇಬೇಡಿ. ನಮ್ಮ ಕಡೆ ಗಣೇಶನ ಹಬ್ಬದಿಂದ ದೀಪಾವಳಿವರೆಗೂ ಮಳೆಯ ಕಾಲವೇ. ಒದ್ದೆ ಗೇಟಿಗೆ ಸೀಳಿದ ತಂತಿ ತಗುಲಿಕೊಂಡಿದ್ದರೆ, ಪಟಾಕಿ ಹೊಡೆಯೋಕೆ ಬರಿಗಾಲಲ್ಲಿ ಓಡಿಬರೋ ಮಕ್ಕಳ ಕೈಗೆ ಮೊದಲು ಸಿಗೋದು ಆ ಗೇಟೇ. ಮನೆಯ ಡಿಬಿಯಲ್ಲಿ, ಅಂದರೆ ಮೇನ್ ಸ್ವಿಚ್ಚುಗಳ ಡಬ್ಬಿಯಲ್ಲಿ, 30 ಮಿಲಿಆಂಪಿನ ಆರ್‌ಸಿಸಿಬಿ ಇದೆಯಾ ನೋಡಿ. ಕರೆಂಟ್ ಸೋರಿದರೆ ತಾನಾಗಿ ಬಂದ್ ಮಾಡೋ ಸ್ವಿಚ್ ಅದು. ಇದ್ದರೆ ಹಬ್ಬಕ್ಕೆ ಮುಂಚೆ ಅದರ ಟೆಸ್ಟ್ ಗುಂಡಿ ಒತ್ತಿ, ಟಪ್ಪಂತ ಬೀಳಬೇಕು. ಬೀಳದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ. ಇಲ್ಲವೇ ಇಲ್ಲ ಅಂದರೆ ಹೊರಗಡೆಯ ಅಲಂಕಾರಕ್ಕೆ ಕಡಿಮೆ ವೋಲ್ಟಿನದ್ದನ್ನೇ ಬಳಸಿ.

ಕಡಿಮೆ ವೋಲ್ಟಿನದು ಅಂದರೆ 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್. ಐದು ಮೀಟರಿನ ರೋಲ್ ಆಗಿ ಸಿಗುತ್ತೆ. ಮೀಟರಿಗೆ 60 ಎಲ್‌ಇಡಿ ಇರೋ ಸಾದಾ ಸ್ಟ್ರಿಪ್ ಮೀಟರಿಗೆ ಸುಮಾರು 5 ವ್ಯಾಟ್ ತಗೊಳ್ಳುತ್ತೆ, ರೋಲಿಗೆ 25 ವ್ಯಾಟ್. 25ನ್ನು 12ರಿಂದ ಭಾಗಿಸಿದರೆ 2 ಆಂಪ್‌ಗಿಂತ ಸ್ವಲ್ಪ ಮೇಲೆ. ಅದಕ್ಕೆ 2 ಆಂಪ್ ಅಡಾಪ್ಟರ್ ಹಾಕಿದರೆ ಅರ್ಧ ಗಂಟೆಯಲ್ಲಿ ಕೈ ಇಡಲಾಗದಷ್ಟು ಕಾಯುತ್ತೆ, ವರ್ಷ ಬಾಳಲ್ಲ. 3 ಆಂಪಿನದು ತಗೊಳ್ಳಿ. ಯಾವಾಗಲೂ ಕಾಲು ಭಾಗ ಹೆಚ್ಚಿಗೆ ಲೆಕ್ಕ ಹಿಡಿಯೋದು ವಾಡಿಕೆ. ದಪ್ಪ ಎಲ್‌ಇಡಿಯ 5050 ಅನ್ನೋ ಜಾತಿ ಮೀಟರಿಗೆ 14 ವ್ಯಾಟಿನವರೆಗೂ ಎಳೆಯುತ್ತೆ. ಹಬ್ಬದ ಅಲಂಕಾರಕ್ಕೆ ಅಷ್ಟು ಬೆಳಕು ಬೇಕಿಲ್ಲ, ಬಿಸಿಯೂ ಜಾಸ್ತಿ.

ಎರಡು ರೋಲುಗಳನ್ನು ತುದಿಗೆ ತುದಿ ಸೇರಿಸಿ ಹತ್ತು ಮೀಟರ್ ಮಾಡಿದರೆ ಕೊನೆಯ ಭಾಗ ಮಂಕಾಗುತ್ತೆ. ಸ್ಟ್ರಿಪ್ಪಿನ ಒಳಗಿನ ತಾಮ್ರದ ಪಟ್ಟಿ ತೆಳು, ದಾರಿಯುದ್ದಕ್ಕೂ ವೋಲ್ಟೇಜ್ ಸೋರಿಹೋಗುತ್ತೆ. ಅಡಾಪ್ಟರನ್ನು ನಡುವೆ ಇಟ್ಟು ಎಡಕ್ಕೊಂದು, ಬಲಕ್ಕೊಂದು ರೋಲ್ ಎಳೆದರೆ ಮುಗೀತು. ಕತ್ತರಿಸಬೇಕಾದರೆ ಕತ್ತರಿಯ ಗುರುತು ಇರೋ ಕಡೆ ಮಾತ್ರ. 60ರ ಸ್ಟ್ರಿಪ್ಪಿನಲ್ಲಿ ಅದು ಮೂರು ಎಲ್‌ಇಡಿಗೊಮ್ಮೆ, ಐದು ಸೆಂಟಿಮೀಟರಿಗೆ ಬರುತ್ತೆ. ಬೆಸುಗೆ ಬಾರದವರಿಗೆ ಕ್ಲಿಪ್ ಕನೆಕ್ಟರ್ ಸಿಗುತ್ತೆ, ಸಾದಾ ಸ್ಟ್ರಿಪ್ಪಿಗೆ 8 ಮಿಲಿಮೀಟರಿನದು, 5050ಗೆ 10ರದು. ಅಳತೆ ತಪ್ಪಿದರೆ ಕೂರಲ್ಲ. ಪ್ಲಸ್‌ಗೆ ಪ್ಲಸ್ ಸೇರಿಸಿ. ಉಲ್ಟಾ ಆದರೆ ಏನೂ ಸುಡಲ್ಲ, ಉರಿಯಲ್ಲ ಅಷ್ಟೇ.

ಸ್ಟ್ರಿಪ್ಪಿನ ಹಿಂದಿನ ಅಂಟು ಸುಣ್ಣ, ಡಿಸ್ಟೆಂಪರ್ ಬಳಿದ ಗೋಡೆಗೆ ನಿಲ್ಲಲ್ಲ. ಪುಡಿ ಹಿಡಿದುಕೊಂಡು ರಾತ್ರೋರಾತ್ರಿ ಜೋತುಬೀಳುತ್ತೆ. ಅಂಗಡಿಯಲ್ಲಿ ಅಲ್ಯೂಮಿನಿಯಂ ಪ್ರೊಫೈಲ್ ಅಂತ ತೋರಿಸುತ್ತಾರೆ, ದುಬಾರಿ. ಮನೆ ವೈರಿಂಗಿಗೆ ಬಳಸೋ ಮುಕ್ಕಾಲು ಇಂಚಿನ ಪಿವಿಸಿ ಕೇಸಿಂಗ್ ಪಟ್ಟಿ ಸಾಕು. ಮೇಲಿನ ಮುಚ್ಚಳ ತೆಗೆದು ಒಳಗೆ ಸ್ಟ್ರಿಪ್ ಅಂಟಿಸಿ. ಪ್ಲಾಸ್ಟಿಕ್ಕಿಗೆ ಅಂಟು ಗಟ್ಟಿಯಾಗಿ ಹಿಡಿಯುತ್ತೆ, ಪಟ್ಟಿಯ ಎರಡು ಅಂಚು ಬಲ್ಬನ್ನು ಮರೆಮಾಡುತ್ತೆ, ಹಬ್ಬ ಮುಗಿದ ಮೇಲೆ ಪಟ್ಟಿ ಸಮೇತ ಎತ್ತಿಡಬಹುದು. ಮೀಟರಿಗೆ 5 ವ್ಯಾಟಿನ ಸ್ಟ್ರಿಪ್ಪಿಗೆ ಮಾತ್ರ ಈ ಉಪಾಯ. ದಪ್ಪದ್ದಕ್ಕೆ ಪಿವಿಸಿ ಒಳಗೆ ಬಿಸಿ ಕಟ್ಟುತ್ತೆ.

ಹೊರಗಡೆಗೆ ಐಪಿ 65 ಅಂತ ಬರೆದಿರೋದನ್ನು ಕೇಳಿ. ಅದರ ಮೇಲೆ ಸಿಲಿಕೋನ್ ಹೊದಿಕೆ ಇರುತ್ತೆ. ಸ್ಟ್ರಿಪ್ ನೆನೆಯಬಹುದು, ಅಡಾಪ್ಟರ್ ನೆನೆಯಬಾರದು. ಅದನ್ನು ಮನೆಯೊಳಗೇ ಇಟ್ಟು ಕಿಟಕಿಯ ಸಂದಿನಿಂದ ತೆಳು ತಂತಿ ಹೊರಗೆ ಬಿಡಿ. ಆ ತಂತಿ ಒಳಗೆ ಹೊಕ್ಕೋ ಮುಂಚೆ ಒಂದು ಗೇಣಿನಷ್ಟು ಕೆಳಗೆ ಜೋತುಬಿಟ್ಟು ಮತ್ತೆ ಮೇಲಕ್ಕೆ ತನ್ನಿ. ತಂತಿಗುಂಟ ಹರಿದ ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತೆ, ಒಳಗೆ ಬರಲ್ಲ. ಜಾಯಿಂಟ್ ಇದ್ದರೆ ನೆಲದ ಮೇಲೆ ಬಿಡಬೇಡಿ, ಸಜ್ಜಾದ ಕೆಳಗೆ ಕಟ್ಟಿ.

ಬಣ್ಣದ ವಿಷಯದಲ್ಲಿ ನನ್ನ ಮಾತು ಒಂದೇ: ಇಡೀ ಮನೆಗೆ ವಾರ್ಮ್ ವೈಟ್. ಡಬ್ಬಿಯ ಮೇಲೆ 2700 ಇಲ್ಲವೇ 3000 ಕೆಲ್ವಿನ್ ಅಂತ ಇರುತ್ತೆ. ಇದು ಎಣ್ಣೆದೀಪದ ಬಣ್ಣಕ್ಕೆ ಹತ್ತಿರ, ಹಣತೆಯ ಪಕ್ಕ ಇಟ್ಟರೂ ತೀರಾ ಬೇರೆಯಾಗಿ ಕಾಣಲ್ಲ. 6500 ಕೆಲ್ವಿನ್ನಿನ ನೀಲಿಬಿಳುಪಿನಲ್ಲಿ ಚೆಂಡು ಹೂವು ಕಳೆಗುಂದುತ್ತೆ, ಅರಿಶಿನ ಹಚ್ಚಿದ ಹೊಸ್ತಿಲು ಬಿಳಚಿಕೊಳ್ಳುತ್ತೆ. ಏಳು ಬಣ್ಣದ ಮಿಣುಕು ದೀಪ ಮಕ್ಕಳಿಗೆ ಇಷ್ಟ ಅಂದರೆ ಟೆರೇಸಿನ ಮೇಲೆ ಒಂದು ಕಡೆ ಹಾಕಿಕೊಡಿ. ದೇವರ ಮುಂದೆ ಮಿಣುಕೋದು ಬೇಡ. ಅಲಂಕಾರದ ದೀಪ ಹಾಕಿದಾಗ ಹಾಲಿನ ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಯಾವ ಅಲಂಕಾರವೂ ಏಳಲ್ಲ.

ಕೊಳ್ಳುವಾಗ ಅಂಗಡಿಯವರು ಹಾಕಿ ತೋರಿಸ್ತಾರೆ, ಒಂದು ನಿಮಿಷಕ್ಕೆ ತೆಗೆದುಬಿಡ್ತಾರೆ. ಹತ್ತು ನಿಮಿಷ ಉರಿಯೋಕೆ ಬಿಡಿ ಅಂತ ಕೇಳಿ. ಆಮೇಲೆ ಅಡಾಪ್ಟರ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಸರಿ, ಸುಡುತ್ತಿದ್ದರೆ ಬೇಡ. ಸುಮಾರಾಗಿ ಒಂದು ರೋಲ್, ಒಳ್ಳೆ ಅಡಾಪ್ಟರ್, ಎರಡು ಕೇಸಿಂಗ್ ಪಟ್ಟಿ ಸೇರಿ ಏಳೆಂಟು ನೂರು ರೂಪಾಯಿ ಒಳಗೆ ಬರಬೇಕು. ಇದೇ ಒಂದು ಕಟ್ಟು ವರಮಹಾಲಕ್ಷ್ಮಿಯಿಂದ ಸಂಕ್ರಾಂತಿವರೆಗೆ ಎಲ್ಲ ಹಬ್ಬಕ್ಕೂ ಜಾಗ ಬದಲಾಯಿಸಿಕೊಂಡು ನಡೆಯುತ್ತೆ.

ಹಳೇ ಚಂದ್ರಿಕೆ

ಇದು ನಮ್ಮ ಸೀಮೆಯವರಿಗೇ ಸಿಗೋ ಸೌಭಾಗ್ಯ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳ ಗೂಡು ಕಟ್ಟೋಕೆ ಬಿಡೋ ಬಿದಿರಿನ ಚಂದ್ರಿಕೆಗಳು ಈಗ ಎಷ್ಟೋ ಮನೆಗಳಲ್ಲಿ ಮೂಲೆ ಸೇರಿವೆ. ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ಬಳಕೆ ಕಡಿಮೆಯಾಗಿದೆ. ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರಿನ ತಟ್ಟಿ, ಅದರ ಮೇಲೆ ಎರಡಿಂಚು ಎತ್ತರದ ಬಿದಿರು ದಬ್ಬೆಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತಾರೆ. ಸುರುಳಿಗಳ ನಡುವೆ ಎರಡು ಬೆರಳಿನಷ್ಟು ಜಾಗ. ದೇವಿಯ ಹಿಂದಿನ ಪರದೆಗೆ, ಬರಿಗೋಡೆಗೆ, ಜಗುಲಿಗೆ ಇದಕ್ಕಿಂತ ಒಳ್ಳೆ ಹಿನ್ನೆಲೆ ದುಡ್ಡು ಕೊಟ್ಟರೂ ಸಿಗಲ್ಲ. ರೇಷ್ಮೆ ಸಾಕೋ ನೆಂಟರಿದ್ದರೆ ಕೇಳಿ. ಒಂದೆರಡು ಕಡ್ಡಿ ಮುರಿದಿದ್ದರೂ ನಡೆಯುತ್ತೆ.

ತಂದ ತಕ್ಷಣ ಮನೆಯೊಳಗೆ ಇಡಬೇಡಿ. ಹುಳದ ಹಿಕ್ಕೆ, ಹಳೇ ನಾರು, ಸೋಂಕು ತಡೆಯೋಕೆ ಹೊಡೆದ ಔಷಧಿಯ ಪುಡಿ ಎಲ್ಲ ಇರುತ್ತೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಣಗಿದ ಗಡಸು ಬ್ರಷ್ಷಿನಿಂದ ಸುರುಳಿಯ ಗುಂಟ ಉಜ್ಜಿ, ಪೈಪಿನ ನೀರಲ್ಲಿ ತೊಳೆದು, ಗೋಡೆಗೆ ಒರಗಿಸಿ ಎರಡು ಪೂರ್ತಿ ಬಿಸಿಲು ಒಣಗಿಸಿ. ಮಲಗಿಸಿ ಒಣಗಿಸಿದರೆ ತಟ್ಟಿಯ ಹೆಣಿಗೆಯಲ್ಲಿ ನೀರು ನಿಂತು ಬೂಷ್ಟು ಹಿಡಿಯುತ್ತೆ. ಬಣ್ಣ ಬಳಿಯೋ ಆಸೆ ಬೇಡ. ಬಿದಿರಿನ ಬಣ್ಣವೇ ವಾರ್ಮ್ ವೈಟಿನಲ್ಲಿ ಜೇನಿನ ಬಣ್ಣಕ್ಕೆ ತಿರುಗುತ್ತೆ.

ಬೆಳಕು ಹಾಕೋ ರೀತಿಯಲ್ಲೇ ಇದರ ಗುಟ್ಟಿರೋದು. ಎಲ್ಲರಿಗೂ ಮೊದಲು ಹೊಳೆಯೋದು ಸುರುಳಿಯ ಉದ್ದಕ್ಕೂ ಸೀರಿಯಲ್ ಸೆಟ್ ಸುತ್ತೋದು. ಅದಕ್ಕೆ ಹತ್ತಾರು ಮೀಟರ್ ಬೇಕು, ಸುತ್ತಿದ ಮೇಲೆ ಕಾಣೋದು ಬಲ್ಬುಗಳ ಸಾಲು ಮಾತ್ರ, ಚಂದ್ರಿಕೆ ಮರೆಯಾಗುತ್ತೆ. ಬದಲಿಗೆ ಚಂದ್ರಿಕೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ಬುಡದಿಂದ ನಾಲ್ಕೈದು ಇಂಚು ಮುಂದೆ ನೆಲದ ಮೇಲೆ ಒಂದೇ ಒಂದು ಕೇಸಿಂಗ್ ಪಟ್ಟಿ ಇಡಿ. ನಾಲ್ಕಡಿ ಅಗಲಕ್ಕೆ 1.2 ಮೀಟರ್ ಸ್ಟ್ರಿಪ್, ಲೆಕ್ಕಕ್ಕೆ 6 ವ್ಯಾಟ್. ಬೆಳಕು ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಏರುವಾಗ ಪ್ರತಿ ದಬ್ಬೆಯ ಕೆಳಮೈ ಬೆಳಗಿ ಅದರ ಮೇಲೆ ನೆರಳು ಬೀಳುತ್ತೆ. ಬುಡದಲ್ಲಿ ಗಾಢವಾಗಿ, ಮೇಲೆ ಹೋದಂತೆ ಮೆಲ್ಲಗೆ. ಪಟ್ಟಿ ತೀರಾ ಹತ್ತಿರ ಇದ್ದರೆ ಕೆಳಗಿನ ಎರಡು ಸುತ್ತು ಮಾತ್ರ ಉರಿದು ಮೇಲೆಲ್ಲ ಕತ್ತಲು. ಒಂದಡಿ ದೂರ ಹೋದರೆ ನೆರಳೇ ಚಪ್ಪಟೆಯಾಗುತ್ತೆ. ಇಂಚು ಇಂಚು ಸರಿಸಿ ನೋಡಬೇಕು. ಪಟ್ಟಿ ಕಾಣದಂತೆ ಅದರ ಮುಂದೆ ಹೂವಿನ ಸಾಲೋ, ಕುಂಡಗಳೋ, ಪೂಜೆಯ ಮಣೆಯೋ ಇಟ್ಟರಾಯಿತು.

ನಿಲ್ಲಿಸುವಾಗ ಒರಗಿಸಿದರೆ ಸಾಲದು, ಮಕ್ಕಳ ಕೈ ತಾಗಿದರೆ ಮೈಮೇಲೆ ಬೀಳುತ್ತೆ. ಮೇಲಿನ ಎರಡೂ ಮೂಲೆಗೆ ನೈಲಾನ್ ಹುರಿ ಕಟ್ಟಿ ಕಿಟಕಿಯ ಸರಳಿಗೋ ಗೋಡೆಯ ಕೊಕ್ಕೆಗೋ ಬಿಗಿಯಿರಿ. ಒಣ ಬಿದಿರು, ಮೇಲೆ ಉಳಿದ ನಾರು ಎರಡೂ ಬೇಗ ಹೊತ್ತಿಕೊಳ್ಳುತ್ತೆ. ಕಲಶದ ಪಕ್ಕದ ಎಣ್ಣೆದೀಪ ಚಂದ್ರಿಕೆಯಿಂದ ಮೂರಡಿಯಾದರೂ ಮುಂದಿರಲಿ. ಮಂಗಳಾರತಿಯನ್ನೂ ಅಷ್ಟೇ ದೂರದಿಂದ ಎತ್ತಿ.

ಚಂದ್ರಿಕೆ ಸಿಗದವರು ರೇಷ್ಮೆ ಸೀರೆಯ ಪರದೆಯನ್ನೇ ಹಾಕಬಹುದು. ಸೀರೆಗೂ ಗೋಡೆಗೂ ನಾಲ್ಕಿಂಚು ಅಂತರ ಬಿಟ್ಟು ಮೇಲಿನ ರಾಡಿನ ಹಿಂದೆ 12 ವೋಲ್ಟಿನ ಸ್ಟ್ರಿಪ್ ಇಟ್ಟರೆ ಮಡಿಕೆಗಳು ಬೆಳಕು ಹಿಡಿಯುತ್ತೆ. ಜರಿ ಲೋಹದ್ದು, ಆದ್ದರಿಂದ ಅದಕ್ಕೆ 230 ವೋಲ್ಟಿನ ಸೆಟ್ ತಾಗಿಸಬಾರದು.

ಗೂಡಿನ ದೀಪಮಾಲೆ

ಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟ ಪಕ್ಕದಲ್ಲೇ ಇರೋದರಿಂದ ನೂಲು ಬಿಚ್ಚೋಕೆ ಬಾರದ ಗೂಡು ನಮಗೆ ಸುಲಭವಾಗಿ ಸಿಗುತ್ತೆ. ಎರಡು ಹುಳ ಸೇರಿ ಕಟ್ಟಿದ ಡಬಲ್ ಗೂಡು, ಕಲೆ ಬಿದ್ದದ್ದು, ಚಿಟ್ಟೆ ಹೊರಬಿದ್ದು ತೂತಾದದ್ದು, ಇವನ್ನೆಲ್ಲ ರೀಲರ್‌ಗಳು ಆರಿಸಿ ಪಕ್ಕಕ್ಕೆ ಹಾಕುತ್ತಾರೆ. ಹುಳ ಒಳಗಿರೋ ಹಸಿ ಗೂಡಾದರೆ ಕೆಜಿಗೆ ಸುಮಾರು 500ರಿಂದ 600 ಗೂಡು ಬರುತ್ತೆ. ಒಂದು ದೀಪಮಾಲೆಗೆ 50 ಗೂಡು, ಅಂದರೆ ಹಸಿಯದಾದರೆ ನೂರು ಗ್ರಾಂ ಸಾಕು.

ಹುಳ ಒಳಗಿರೋ ಗೂಡನ್ನು ಹಾಗೇ ಪೋಣಿಸಬೇಡಿ. ಜೀವಂತ ಇದ್ದರೆ ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೋಡೆ ಒದ್ದೆ ಮಾಡಿಕೊಂಡು ಹೊರಬಂದು ಕಂದು ಕಲೆ ಬಿಡುತ್ತೆ. ಸತ್ತಿದ್ದರೆ ನಾಲ್ಕೇ ದಿನಕ್ಕೆ ಕೆಟ್ಟ ವಾಸನೆ, ಹಿಂದೆಯೇ ಇರುವೆ ಸಾಲು. ಚಿಟ್ಟೆ ಹೋದ ತೂತುಗೂಡೇ ಎಲ್ಲಕ್ಕಿಂತ ಒಳ್ಳೆಯದು, ಬೆಳಕು ಹೊರಚೆಲ್ಲೋಕೆ ಬಾಯಿ ಆಗಲೇ ಇರುತ್ತೆ. ಒಳಗಿನ ಒಣ ಪೊರೆಯನ್ನು ಚಿಮುಟದಲ್ಲಿ ಎಳೆದು ತೆಗೆಯಿರಿ. ಹೊರಗಿನ ಜುಂಜು ನಾರನ್ನು ಬೆರಳಿಗೆ ಸುತ್ತಿ ಎಳೆದರೆ ಸುಲಭವಾಗಿ ಬರುತ್ತೆ, ಕೆಳಗಿನ ನುಣುಪು ಮೈ ಕಾಣುತ್ತೆ.

ಐದು ಮೀಟರ್ ಉದ್ದ, ಹತ್ತು ಸೆಂಟಿಮೀಟರಿಗೊಂದು ಎಲ್‌ಇಡಿ ಇರೋ ತಾಮ್ರದ ತಂತಿಯ ಯುಎಸ್‌ಬಿ ಲೈಟು ತಗೊಳ್ಳಿ. ಅದು 5 ವೋಲ್ಟಿನದು, ಮೊಬೈಲ್ ಚಾರ್ಜರಿಗೆ ಹಾಕಬಹುದು. ಗೂಡಿನ ಮುಚ್ಚಿದ ತುದಿಗೆ ಬ್ಲೇಡಿನಿಂದ ಅಡ್ಡಕ್ಕೊಂದು ಉದ್ದಕ್ಕೊಂದು ನಾಲ್ಕು ಮಿಲಿಮೀಟರಿನ ಗೀರು ಹಾಕಿ. ಎಲ್‌ಇಡಿ ಇರೋ ಜಾಗದಲ್ಲಿ ತಂತಿಯನ್ನು ಮೆಲ್ಲಗೆ ಮಡಚಿ ಗೀರಿನೊಳಗೆ ತೂರಿಸಿ. ಗೂಡಿನ ಗೋಡೆ ತಾನಾಗಿ ಹಿಡಿದುಕೊಳ್ಳುತ್ತೆ, ಅಂಟು ಬೇಡ. ಚೂಪಾಗಿ ಮಡಚಿದರೆ ತಂತಿಯ ಮೇಲಿನ ಲೇಪ ಕಿತ್ತು ಎರಡೆಳೆ ಒಂದಕ್ಕೊಂದು ತಾಗುತ್ತೆ, ಮಾಲೆ ಪೂರ್ತಿ ಆರಿಹೋಗುತ್ತೆ. ಬಾಲ್‌ಪೆನ್ನಿನ ರೀಫಿಲ್ ಸುತ್ತ ಬಾಗಿಸಿದಷ್ಟು ದುಂಡಗಿರಲಿ.

ದ್ವಿತಳಿ ಅನ್ನೋ ಜಾತಿಯ ಹುಳದ ಬಿಳಿ ಗೂಡು ಹಾಲಿನಂತೆ ಬೆಳಗುತ್ತೆ. ಮಿಶ್ರತಳಿಯದು ಹಸಿರುಹಳದಿ, ವಾರ್ಮ್ ವೈಟಿನಲ್ಲಿ ಚಿನ್ನದ ಬಣ್ಣ. ಎರಡನ್ನೂ ಬೆರೆಸದೆ ಒಂದೊಂದೇ ಮಾಲೆ ಮಾಡಿದರೆ ಚೆಂದ. ಬಿಸಿನೀರಿನ ಬಣ್ಣದಲ್ಲಿ ಅದ್ದಬಾರದು. ನೂಲುಗಳನ್ನು ಹಿಡಿದಿರೋ ಅಂಟು ಬಿಸಿಗೆ ಸಡಿಲವಾಗಿ ಗೂಡು ಮುದ್ದೆಯಾಗುತ್ತೆ. ಮಳೆಹನಿಯೂ ಇದಕ್ಕೆ ಆಗಿಬರಲ್ಲ, ಒಳಗಡೆಗೆ ಮಾತ್ರ.

ದಸರಾ ಗೊಂಬೆಗೆ ಬೆಳಕು

ಐದಡಿ ಅಗಲದ ಐದು ಮೆಟ್ಟಿಲು ಅಂದರೆ 25 ಅಡಿ, ಏಳೂವರೆ ಮೀಟರ್. ಸುಮಾರು 38 ವ್ಯಾಟ್. 12 ವೋಲ್ಟಿನ 5 ಆಂಪ್ ಅಡಾಪ್ಟರ್ ಒಂದು ಬೇಕು. ಮೆಟ್ಟಿಲಿಗೊಂದು ತುಂಡು ಕತ್ತರಿಸಿ, ಪ್ರತಿ ತುಂಡಿಗೂ ಅಡಾಪ್ಟರಿನಿಂದ ಬೇರೆ ಜೋಡಿ ತಂತಿ ಕೊಟ್ಟರೆ ಮೇಲಿನ ಮೆಟ್ಟಿಲೂ ಕೆಳಗಿನದೂ ಒಂದೇ ಸಮ ಬೆಳಗುತ್ತೆ.

ಇಲ್ಲಿ ಬಹಳ ಮನೆಗಳಲ್ಲಿ ಆಗೋ ತೊಂದರೆ ಒಂದಿದೆ. ಮೇಲಿನ ಮೆಟ್ಟಿಲಿನ ಅಂಚಿನ ಕೆಳಗೆ ಸ್ಟ್ರಿಪ್ ಅಂಟಿಸುತ್ತಾರೆ, ನೋಡಿದರೆ ಗೊಂಬೆಗಳ ಮುಖವೆಲ್ಲ ಕಪ್ಪು. ಆ ಅಂಚು ಇರೋದು ಕೆಳಗಿನ ಗೊಂಬೆಗಳ ಬೆನ್ನ ಹಿಂದೆ. ಬೆಳಕು ಹಿಂದಿನಿಂದ ಬರುತ್ತೆ, ಕಿರೀಟದ ಸುತ್ತ ಹೊಳಪು ಬರುತ್ತೆ, ಮುಖಕ್ಕೆ ಏನೂ ಬೀಳಲ್ಲ. ಸ್ಟ್ರಿಪ್ ತೆಗೆಯಬೇಡಿ, ಆ ಹೊಳಪು ಬೇಕು. ಮುಖಕ್ಕೆ ಎದುರಿನಿಂದ ಬೇರೆ ಬೆಳಕು ಕೊಡಿ. ಮೆಟ್ಟಿಲಿನಿಂದ ಐದಾರು ಅಡಿ ಮುಂದೆ, ಎಡಕ್ಕೊಂದು ಬಲಕ್ಕೊಂದು, ತಲೆಗಿಂತ ಎತ್ತರದಲ್ಲಿ 5 ವ್ಯಾಟಿನ ವಾರ್ಮ್ ವೈಟ್ ಸ್ಪಾಟ್ ಎರಡು ಸಾಕು. ಓದೋ ಮೇಜಿನ ದೀಪವನ್ನು ಬೀರುವಿನ ಮೇಲಿಟ್ಟು ತಿರುಗಿಸಿದರೂ ಆಗುತ್ತೆ. ಕೆಳಗಿನ ಮೆಟ್ಟಿಲಿನಿಂದ ಮೇಲ್ಮುಖವಾಗಿ ಬೆಳಕು ಬಿಟ್ಟರೆ ಮೂಗಿನ ನೆರಳು ಹಣೆಗೆ ಬಿದ್ದು ಪಟ್ಟದ ಗೊಂಬೆಯೂ ಭಯಂಕರವಾಗಿ ಕಾಣುತ್ತೆ.

ಹಣತೆ, ಎಣ್ಣೆ, ಗ್ರಾನೈಟ್ ಮೆಟ್ಟಿಲು

ದೀಪಾವಳಿಯಿಂದ ತುಳಸಿ ಹಬ್ಬ ದಾಟಿ ಕಾರ್ತಿಕ ಮುಗಿಯೋವರೆಗೂ ಹಣತೆಯದೇ ಕಾಲ. ಹೊಸ ಹಣತೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ತೆಗೆದು ನೆರಳಲ್ಲಿ ಒಣಗಿಸಿ. ಮಣ್ಣಿನ ರಂಧ್ರಗಳು ನೀರು ಕುಡಿದಿದ್ದರೆ ಎಣ್ಣೆ ಕುಡಿಯೋದು ಕಡಿಮೆ. ಒಣ ಹಣತೆಗೆ ಎಣ್ಣೆ ಹೊಯ್ದರೆ ಸ್ವಲ್ಪ ಹೊತ್ತಿಗೆ ಮಟ್ಟ ಇಳಿದು ತಳದಲ್ಲಿ ಜಿನುಗುತ್ತೆ. ಸಣ್ಣ ಹಣತೆಗೆ 15 ಮಿಲಿಲೀಟರ್ ಎಣ್ಣೆ, ತೆಳು ಬತ್ತಿಯಾದರೆ ಮೂರು ಗಂಟೆ ಹತ್ತಿರ ಉರಿಯುತ್ತೆ. 30 ಹಣತೆ, ಮೂರು ಸಂಜೆ ಅಂದರೆ ಒಂದೂಕಾಲು ಲೀಟರ್ ಮೇಲೆ.

ಹೊರಗಡೆಗೆ ಹೊಂಗೆ ಎಣ್ಣೆ ಬಳಸಿ. ಅಡುಗೆಗೆ ಬಾರದ ಎಣ್ಣೆ, ದೀಪಕ್ಕೆ ಹಿಂದಿನಿಂದಲೂ ಬಳಕೆಯಲ್ಲಿರೋದು. ಕಹಿ ವಾಸನೆ, ಹೊಗೆ ಇರೋದರಿಂದ ಒಳಗೆ ಬೇಡ. ಒಳಗೆ ಎಳ್ಳೆಣ್ಣೆ ಮೂರು ಪಾಲು, ಹರಳೆಣ್ಣೆ ಒಂದು ಪಾಲು ಬೆರೆಸಿದರೆ ನಿಧಾನವಾಗಿ ಉರಿಯುತ್ತೆ. ಬರೀ ಹರಳೆಣ್ಣೆ ದಪ್ಪ, ತೆಳು ಬತ್ತಿ ಅದನ್ನು ಎಳೆಯಲಾರದೆ ಜ್ವಾಲೆ ಕುಗ್ಗುತ್ತೆ. ಬತ್ತಿಯನ್ನು ಮೊದಲು ಎಣ್ಣೆಯಲ್ಲಿ ಅದ್ದಿ ಹಿಂಡಿ, ಅಂಚಿನಿಂದ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು ಹೊರಬಾರದಂತೆ ಇಡಿ. ಉದ್ದ ಇದ್ದಷ್ಟೂ ಮಸಿ.

ಗಾಜಿನ ಬಟ್ಟಲಿನ ದೀಪಕ್ಕೆ ಪೂರ್ತಿ ಎಣ್ಣೆ ತುಂಬಬೇಕಿಲ್ಲ. ಮುಕ್ಕಾಲು ನೀರು, ಮೇಲೆ ಒಂದು ಸೆಂಟಿಮೀಟರ್ ಎಣ್ಣೆ, ತೇಲೋ ಬತ್ತಿ. ಬತ್ತಿಯ ಬಾಲ ಎಣ್ಣೆಯ ಪದರದೊಳಗೇ ಇರಬೇಕು, ನೀರಿಗೆ ತಾಗಿದರೆ ಚಟಪಟ ಸಿಡಿಯುತ್ತೆ. ಎಣ್ಣೆ ತೀರಿದಾಗ ನೀರು ತಗುಲಿ ತಾನೇ ಆರುತ್ತೆ, ರಾತ್ರಿ ಕಾವಲು ಕೂರಬೇಕಿಲ್ಲ.

ಗಾಳಿಗೆ ಅಗಲ ಬಾಯಿಯ ಉಪ್ಪಿನಕಾಯಿ ಬಾಟಲಿ ಒಳ್ಳೆ ಮರೆ. ತಳಕ್ಕೆ ಎರಡಿಂಚು ಮರಳು ಹಾಕಿ ಮೇಲೆ ಹಣತೆ ಕೂರಿಸಿ. ಬಾಯಿ ಏಳು ಸೆಂಟಿಮೀಟರಿಗಿಂತ ಕಿರಿದಾದರೆ ಗಾಳಿ ಸಾಲದೆ ದೀಪ ಕಂತುತ್ತೆ. ಜ್ವಾಲೆ ಗಾಜಿಗೆ ತಾಗುವಷ್ಟು ಹತ್ತಿರ ಇದ್ದರೆ, ಚಳಿಗೆ ತಣ್ಣಗಾದ ಗಾಜು ಫಟ್ಟಂತ ಸೀಳುತ್ತೆ.

ನಮ್ಮ ಊರುಗಳಲ್ಲಿ ಮನೆ ಮುಂದಿನ ಮೆಟ್ಟಿಲು ಬಹುಪಾಲು ಗ್ರಾನೈಟಿನದು. ಗ್ರಾನೈಟ್ ಗಟ್ಟಿ ಕಲ್ಲಾದರೂ ಎಣ್ಣೆ ಕುಡಿಯುತ್ತೆ, ಹಣತೆ ಇಟ್ಟಲ್ಲೆಲ್ಲ ಕಪ್ಪು ಚಕ್ರ ಉಳಿಯುತ್ತೆ. ಪ್ರತಿ ಹಣತೆಯ ಕೆಳಗೆ ಅಂಗೈ ಅಗಲ ಬಾಳೆಲೆಯ ತುಂಡು ಇಡಿ. ಕಲೆ ಆಗಿಬಿಟ್ಟಿದ್ದರೆ ಅಡುಗೆ ಸೋಡಾವನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಅರ್ಧ ಇಂಚು ದಪ್ಪಕ್ಕೆ ಮೆತ್ತಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಪೂರ್ತಿ ಒಣಗಿದ ಮೇಲೆ ಕೆರೆದು ತೆಗೆಯಿರಿ. ಹಳೇ ಕಲೆಗೆ ಎರಡು ಮೂರು ಸಲ ಮಾಡಬೇಕಾಗುತ್ತೆ.

ಅದೇ ನುಣುಪು ಕಲ್ಲಿನ ಮೇಲೆ ರಂಗೋಲಿ ಪುಡಿ ನಿಲ್ಲಲ್ಲ. ಅಕ್ಕಿಯನ್ನು ಮೂರು ಗಂಟೆ ನೆನೆಸಿ ನುಣ್ಣಗೆ ರುಬ್ಬಿ, ಮಜ್ಜಿಗೆಯ ಹದಕ್ಕೆ ತಂದು ಬಟ್ಟೆಯ ತುಂಡು ಅದ್ದಿ ಬೆರಳಲ್ಲಿ ಎಳೆಯಿರಿ. ಹಾಕುವಾಗ ಮಸುಕು, ಒಣಗಿದ ಮೇಲೆ ಅಚ್ಚ ಬಿಳಿ. ಸುತ್ತ ಕೆಮ್ಮಣ್ಣಿನ ಅಂಚು ಬಳಿದರೆ ಹಣತೆಯ ಬೆಳಕಿನಲ್ಲಿ ಎದ್ದು ಕಾಣುತ್ತೆ.

ತುಳಸಿ ಹಬ್ಬಕ್ಕೆ ನೆಲ್ಲಿಕಾಯಿ ದೀಪ: ದಪ್ಪ ಕಾಯಿಯ ತಲೆ ಕತ್ತರಿಸಿ, ಚಮಚದ ತುದಿಯಿಂದ ಬೀಜದವರೆಗೆ ಕುಳಿ ತೋಡಿ, ತುಪ್ಪದ ಹೂಬತ್ತಿ ಇಡಬೇಕು. ಬುಡವನ್ನೂ ತೆಳ್ಳಗೆ ಕತ್ತರಿಸಿ ಮಟ್ಟ ಮಾಡದಿದ್ದರೆ ಉರುಳುತ್ತೆ.

ಹೂವು, ಎಲೆ

ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆ ಪಕ್ಕದಲ್ಲಿದ್ದೂ ಕಟ್ಟಿದ ಹಾರಕ್ಕೆ ಮಾರಿನ ಲೆಕ್ಕದಲ್ಲಿ ದುಡ್ಡು ಕೊಡೋದು ನನಗೆ ಸರಿ ಕಾಣಲ್ಲ. ಬಿಡಿ ಚೆಂಡು ಹೂವು ಕೆಜಿ ಲೆಕ್ಕದಲ್ಲಿ ತನ್ನಿ. ಹಬ್ಬದ ಹಿಂದಿನ ದಿನ ಬೆಲೆ ಏರುತ್ತೆ, ಎರಡು ದಿನ ಮೊದಲೇ ತಂದರೂ ಹಾಳಾಗಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಬಿಟ್ಟರೆ ಮಾತ್ರ ಒಳಗೇ ಬೆವೆತು ಕೊಳೆಯುತ್ತೆ. ನೆರಳಲ್ಲಿ ಪೇಪರಿನ ಮೇಲೆ ಹರಡಿ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೆ ಹೊದಿಸಿ. ಎಸಳಿನ ಮೇಲೆ ನೀರು ಚಿಮುಕಿಸಬೇಡಿ.

ಮಧ್ಯಮ ಗಾತ್ರದ ಹೂವು ಕೆಜಿಗೆ ನೂರರಿಂದ ನೂರೈವತ್ತು ಬರುತ್ತೆ. ಒತ್ತಾಗಿ ಪೋಣಿಸಿದರೆ ಮೀಟರಿಗೆ 25ರಿಂದ 30 ಹೂವು. ಮೂರಡಿ ಅಗಲ, ಏಳಡಿ ಎತ್ತರದ ಬಾಗಿಲಿಗೆ ಎರಡೂ ಬದಿ, ಮೇಲೆ ಸೇರಿ 17 ಅಡಿ, ಐದು ಮೀಟರ್ ಚಿಲ್ಲರೆ. ಒಂದೂಕಾಲು ಕೆಜಿ ಸಾಕು. ದಬ್ಬಳ, ಗೋಣಿ ಹೊಲಿಯೋ ದಾರ ಬಳಸಿ. ತೊಟ್ಟಿನ ಬುಡದ ಹಸಿರು ಭಾಗದಲ್ಲೇ ಚುಚ್ಚಬೇಕು, ಎಸಳಿನಲ್ಲಿ ಚುಚ್ಚಿದರೆ ಮಧ್ಯಾಹ್ನಕ್ಕೇ ಉದುರುತ್ತೆ. ಒಂದು ಹೂವಿನ ಮುಖ ಎಡಕ್ಕೆ, ಮುಂದಿನದು ಬಲಕ್ಕೆ ಬರುವಂತೆ ಪೋಣಿಸಿದರೆ ಹಾರ ದುಂಡಗೆ ತುಂಬಿಕೊಳ್ಳುತ್ತೆ. ಅಡಿಗೊಂದು ಗಂಟು ಹಾಕಿ, ಒಂದು ಕಡೆ ದಾರ ಹರಿದರೂ ಪೂರ್ತಿ ಸುರಿಯಲ್ಲ. ಎಂಟು ಹೂವಿಗೊಂದು ಮಡಚಿದ ಮಾವಿನ ಎಲೆ ಸೇರಿಸಿದರೆ ಹೂವೂ ಉಳಿಯುತ್ತೆ, ಬಣ್ಣವೂ ಬಿಡಿಸಿಕೊಳ್ಳುತ್ತೆ.

ತೋರಣಕ್ಕೆ ಬಲಿತ ಕಡುಹಸಿರು ಎಲೆ ಆರಿಸಿ. ಚಿಗುರು ಎಲೆ ಚೆಂದ ಅಂತ ತಂದರೆ ಎರಡು ಗಂಟೆಗೆ ಬಾಡುತ್ತೆ. ಯುಗಾದಿಗೂ ಸಂಕ್ರಾಂತಿಗೂ ಇದೇ ನಿಯಮ. ಮೂರಡಿ ಬಾಗಿಲಿಗೆ ಐದು ಸೆಂಟಿಮೀಟರಿಗೊಂದರಂತೆ 17-19 ಎಲೆ. ತೊಟ್ಟನ್ನು ದಾರದ ಮೇಲೆ ಹಿಂದಕ್ಕೆ ಮಡಚಿ ತೆಂಗಿನ ಕಡ್ಡಿಯ ಚೂರಿನಿಂದ ಚುಚ್ಚಿ. ಸ್ಟೇಪ್ಲರ್ ಪಿನ್ ಹಾಕಿದರೆ ತುಕ್ಕು ಇಳಿದು ಬಾಗಿಲ ಚೌಕಟ್ಟಿಗೆ ಕಲೆಯಾಗುತ್ತೆ.

ಕೋಲಾರದ ಕೆಜಿಎಫ್ ಕಡೆ ಡಿಸೆಂಬರಿನಲ್ಲಿ ಮನೆ ಮನೆಗೆ ಕಾಗದದ ನಕ್ಷತ್ರ ತೂಗುತ್ತೆ. ಶಿವನಸಮುದ್ರದ ಕರೆಂಟು 1902ರಲ್ಲೇ ತಲುಪಿದ ಊರು ಅದು, ಬಲ್ಬಿನ ಜೊತೆ ಅವರಿಗೆ ಹಳೇ ನಂಟು. ನಕ್ಷತ್ರದೊಳಗೆ ಹಳೇ 40, 60 ವ್ಯಾಟಿನ ಬಲ್ಬ್ ಹಾಕಿದರೆ ಕಾಗದ ಕಂದಿ ಸುಡುತ್ತೆ. 3 ವ್ಯಾಟಿನ ಎಲ್‌ಇಡಿ, ನಡುಮಧ್ಯೆ ತೂಗುವಂತೆ, ಸಾಕು.

ಬಿಲ್ಲು, ಎತ್ತಿಡೋದು

ಹೊರಗೆ ಒಳಗೆ ಎಲ್ಲ ಸೇರಿ 80 ವ್ಯಾಟ್ ಅಂದುಕೊಳ್ಳಿ. ದಿನಕ್ಕೆ ಐದು ಗಂಟೆ ಉರಿಸಿದರೆ 0.4 ಯೂನಿಟ್, ಕಾರ್ತಿಕ ಪೂರ್ತಿ 12 ಯೂನಿಟ್. ಗೃಹಜ್ಯೋತಿಯಲ್ಲಿರೋರಿಗೆ ನಿಗದಿಯಾದ ಯೂನಿಟ್ಟಿಗಿಂತ ಮೇಲೆ ಬಳಸಿದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ಅಂಚಿನಲ್ಲಿರೋರು ಟೈಮರ್ ಸಾಕೆಟ್ ಹಾಕಿ ಆರೂವರೆಯಿಂದ ಒಂಬತ್ತೂವರೆಗೆ ಮಿತಿ ಮಾಡಿದರೆ 7 ಯೂನಿಟ್ಟಿಗೆ ಇಳಿಯುತ್ತೆ.

ಇಳಿಸುವಾಗ ಎಳೆಯಬೇಡಿ, ಕಟ್ಟಿದ ದಾರ ಕತ್ತರಿಸಿ ಬಿಡಿಸಿ. ಒರೆಸಿ, ಒಂದು ರಾತ್ರಿ ಉರಿಸಿ ನೋಡಿ, ಕೆಟ್ಟದ್ದನ್ನು ಆಗಲೇ ಬೇರೆ ಮಾಡಿ. ಅಂಗೈ ಅಗಲದ ರಟ್ಟಿಗೆ ಸಡಿಲವಾಗಿ ಸುತ್ತಿ ಮುಚ್ಚಳವಿರೋ ತಗಡಿನ ಡಬ್ಬದಲ್ಲಿ ಇಡಿ. ಚೀಲದಲ್ಲಿಟ್ಟರೆ ಇಲಿ ಬಿಡಲ್ಲ. ಪ್ರತಿ ಅಡಾಪ್ಟರಿನ ಮೇಲೂ ಬಿಳಿ ಟೇಪ್ ಅಂಟಿಸಿ ವೋಲ್ಟ್, ಆಂಪ್, ಯಾವ ಅಲಂಕಾರದ್ದು ಅಂತ ಪೆನ್ನಲ್ಲಿ ಬರೆಯಿರಿ. ಲ್ಯಾಪ್‌ಟಾಪಿನ 19 ವೋಲ್ಟಿನ ಅಡಾಪ್ಟರಿನ ಪಿನ್ನೂ ಕೆಲವೊಮ್ಮೆ ಇದಕ್ಕೆ ಕೂರುತ್ತೆ. ಕೂತು ಸ್ವಿಚ್ ಹಾಕಿದರೆ ಐದು ಮೀಟರಿನ ರೋಲ್ ಕೆಲವೇ ನಿಮಿಷಕ್ಕೆ ಸುಟ್ಟುಹೋಗುತ್ತೆ.